ದೆವ್ವದ ಕತೆಗಾರನಿಗೆ ಸಮಾಜವಾದಿ ಪತ್ರಿಕೆಯ ಸಂಬಳ: ಯಿಡ್ಡಿಷ್ ಪತ್ರಿಕೆಗಳೆಲ್ಲ ಎಡಕ್ಕೆ ವಾಲಿದ್ದೇಕೆ?

ಹಳೇಪತ್ರಿಕೆ
ಒಂದು ತಿಂಗಳಿಂದ ತಲೆಯಲ್ಲಿ ಹುಳ ಬಿಟ್ಟುಕೊಂಡು ಕೂತಿದ್ದೇನೆ. ಐಸಾಕ್ ಬಾಶೆವಿಸ್ ಸಿಂಗರ್ ಕತೆಗಳನ್ನು ಇಂಗ್ಲಿಷಿನಲ್ಲಿ ಓದಿದವರು ಇಲ್ಲಿ ಬಹಳ ಜನ ಇದ್ದೀರಿ. ದೆವ್ವ, ಪಿಶಾಚಿ, ಹಳ್ಳಿಯ ಪೆದ್ದ, ಆಸೆ ಹತ್ತಿದ ಪಂಡಿತ, ಇದೇ ಆತನ ಲೋಕ. 1978ರಲ್ಲಿ ನೊಬೆಲ್ ಬಂತು. ಈ ಕತೆಗಳಲ್ಲಿ ಬಹುಪಾಲು ಮೊದಲು ಅಚ್ಚಾಗಿದ್ದು ನ್ಯೂಯಾರ್ಕಿನ 'ಫೋರ್ವರ್ಟ್ಸ್' ಎಂಬ ಯಿಡ್ಡಿಷ್ ದಿನಪತ್ರಿಕೆಯಲ್ಲಿ. ಯಿಡ್ಡಿಷ್ ಅಂದರೆ ಪೂರ್ವ ಯುರೋಪಿನ ಯೆಹೂದಿಗಳ ಆಡುನುಡಿ, ಸಿಂಗರ್ ಬರೆದದ್ದೂ ಅದರಲ್ಲೇ. ಆ ಪತ್ರಿಕೆಯೋ ಪಕ್ಕಾ ಸಮಾಜವಾದಿ. ಅದರ ಕಟ್ಟಡದ ಮುಖಕ್ಕೆ ಮಾರ್ಕ್ಸ್, ಏಂಗೆಲ್ಸ್ ಮುಖ ಕೆತ್ತಿಸಿದ್ದರಂತೆ! 1935ರಲ್ಲಿ ಅಮೆರಿಕಕ್ಕೆ ಬಂದ ಸಿಂಗರ್‌ಗೆ ಕ್ರಾಂತಿಯ ಮೇಲೆ ಕಾಸಿನಷ್ಟೂ ನಂಬಿಕೆ ಇರಲಿಲ್ಲ. ಆದರೂ ದಶಕಗಟ್ಟಲೆ ಅಲ್ಲೇ ಬರೆದ, ಅಲ್ಲೇ ಉಂಡ.

ಇದು ಹೇಗೆ ಕೂಡಿಬಂತು? ಅಸಲಿಗೆ ಯಿಡ್ಡಿಷ್ ಪತ್ರಿಕೆ ಅಂದರೆ ಎಡಪಂಥ ಅನ್ನುವಷ್ಟು ಗಂಟು ಬಿದ್ದಿದ್ದು ಯಾಕೆ? ಗೊತ್ತಿದ್ದವರು ಬಿಡಿಸಿ ಹೇಳಿ.

ಹಡ್ಸನ್ ದಂಡೆಯವಳು
ಆ ಕಟ್ಟಡ ನೋಡಿದ್ದೇನೆ. ಮ್ಯಾನ್‌ಹಟನ್ನಿನ ಲೋವರ್ ಈಸ್ಟ್ ಸೈಡ್‌ನಲ್ಲಿ, 175 ಈಸ್ಟ್ ಬ್ರಾಡ್‌ವೇ. 1912ರದು, ಹತ್ತು ಮಹಡಿ. ಸುತ್ತ ಎಲ್ಲ ಐದಾರು ಮಹಡಿಯ ಬಾಡಿಗೆ ವಠಾರಗಳಿದ್ದ ಕಾಲಕ್ಕೆ ಅದು ಗೋಪುರದ ಹಾಗೆ ಕಾಣಿಸಿರಬೇಕು. ಈಗ ಒಳಗೆಲ್ಲ ದುಬಾರಿ ಫ್ಲಾಟುಗಳು. ಬಾಗಿಲ ಮೇಲೆ ಮಾರ್ಕ್ಸ್ ಇನ್ನೂ ಇದ್ದಾನೆ, ಅವನ ಕೆಳಗೇ ಕೋಟ್ಯಧಿಪತಿಗಳು ನಾಯಿ ಹಿಡಿದುಕೊಂಡು ವಾಕಿಂಗ್ ಹೊರಡುತ್ತಾರೆ.

ನಿಮ್ಮ ಪ್ರಶ್ನೆಗೆ ಬರೋಣ. ಯಿಡ್ಡಿಷ್ ಎಡಪಂಥದ ಭಾಷೆಯಾಗಿ ಹುಟ್ಟಿದ್ದಲ್ಲ, ಎಡಪಂಥವೇ ಗತಿಯಿಲ್ಲದೆ ಯಿಡ್ಡಿಷ್‌ಗೆ ಬಂದದ್ದು. ಓದಿದ ಯೆಹೂದಿಗಳ ಕಣ್ಣಿಗೆ ಅದು ಭಾಷೆಯೇ ಅಲ್ಲ, 'ಜಾರ್ಗೋನ್', ಅಂದರೆ ಕಲಬೆರಕೆ ಮಾತು. ದೇವರಿಗೆ, ಶಾಸ್ತ್ರಕ್ಕೆ ಹೀಬ್ರೂ. ಓದು, ರಾಜಕೀಯಕ್ಕೆ ರಷ್ಯನ್ ಅಥವಾ ಜರ್ಮನ್. ಅಡುಗೆಮನೆಗೆ, ಸಂತೆಗೆ ಮಾತ್ರ ಯಿಡ್ಡಿಷ್. 'ಮಾಮೆ ಲೋಶ್ನ್' ಎಂದರೆ ಅಮ್ಮನ ನುಡಿ.

1882ರ ನ್ಯೂಯಾರ್ಕ್. ರಷ್ಯಾದಿಂದ ಓಡಿಬಂದ ಕ್ರಾಂತಿಕಾರಿಗಳು ಯೆಹೂದಿ ಕೂಲಿಗಳನ್ನು ಕೂರಿಸಿಕೊಂಡು ರಷ್ಯನ್ನಿನಲ್ಲಿ ಭಾಷಣ ಬಿಗಿಯುತ್ತಿದ್ದರು. ಆಗ ರಷ್ಯಾದ ಆಳ್ವಿಕೆಯಲ್ಲಿದ್ದ ವಿಲ್ನಾ (ಈಗಿನ ಲಿಥುವೇನಿಯಾದ ವಿಲ್ನಿಯಸ್) ಕಡೆಯಿಂದ ಆಗಷ್ಟೇ ಹಡಗಿಳಿದಿದ್ದ ಅಬ್ರಹಾಂ ಕಹಾನ್ ಎಂಬ ಮೇಷ್ಟ್ರು, ಯಿಡ್ಡಿಷಿನಲ್ಲಿ ಯಾಕೆ ಮಾತಾಡಬಾರದು ಎಂದು ಕೇಳಿದನಂತೆ. ರಷ್ಯನ್ ಬಾರದ ಯೆಹೂದಿ ಯಾರಪ್ಪಾ ಇದ್ದಾನೆ ಎಂದು ನಕ್ಕರಂತೆ. ನಮ್ಮಪ್ಪ ಇದ್ದಾನೆ, ಎಂದನಂತೆ ಇವನು. ಅದೇ ವರ್ಷ ಯಿಡ್ಡಿಷಿನಲ್ಲೇ ಸಮಾಜವಾದದ ಭಾಷಣ ಮಾಡಿದ. ಮುಂದೆ ಫೋರ್ವರ್ಟ್ಸ್ ಕಟ್ಟಿದವನು ಇವನೇ. ಪತ್ರಿಕೆ ಶುರುವಾದದ್ದು ಏಪ್ರಿಲ್ 1897. ಡೇನಿಯಲ್ ಡಿ ಲಿಯೋನ್ ಎಂಬ ಹಟಮಾರಿ ನಾಯಕನ ಸೋಷಲಿಸ್ಟ್ ಲೇಬರ್ ಪಾರ್ಟಿಯಿಂದ ಸಿಡಿದು ಬಂದವರದು. ಹೆಸರು ಕೂಡ ಜರ್ಮನ್ ಸಮಾಜವಾದಿಗಳ ಪತ್ರಿಕೆಯಿಂದ ಎರವಲು ತಂದದ್ದು.

ಅದೇ 1897ರ ಅಕ್ಟೋಬರಿನಲ್ಲಿ ವಿಲ್ನಾದಲ್ಲಿ ಹದಿಮೂರು ಜನ ಕದ್ದು ಸೇರಿ 'ಬುಂಡ್' ಎಂಬ ಯೆಹೂದಿ ಕಾರ್ಮಿಕ ಪಕ್ಷ ಕಟ್ಟಿದರು. ಅಲ್ಲೂ ಅದೇ ಕತೆ. ಮೊದಲು ಆಯ್ದ ಕೆಲವು ಕಾರ್ಮಿಕರಿಗೆ ರಷ್ಯನ್ ಕಲಿಸಿ ಮಾರ್ಕ್ಸ್ ಓದಿಸುತ್ತಿದ್ದರು. ಕಲಿತವನು ಬಿಳಿ ಕಾಲರಿನವನಾಗಿ ಜಾರಿಕೊಳ್ಳುತ್ತಿದ್ದ, ಕಾರ್ಖಾನೆ ಹಾಗೇ ಉಳಿಯುತ್ತಿತ್ತು. ಆಮೇಲೆ ಸಾವಿರಾರು ಜನರನ್ನು ಒಟ್ಟಿಗೆ ತಲುಪಬೇಕು ಅಂತ ಹೊರಟಾಗ ಯಿಡ್ಡಿಷ್ ಬಿಟ್ಟರೆ ಬೇರೆ ದಾರಿ ಇರಲಿಲ್ಲ. ತಮಾಷೆ ಏನೆಂದರೆ ನಾಯಕರಿಗೇ ಯಿಡ್ಡಿಷ್ ಸರಿಯಾಗಿ ಬರುತ್ತಿರಲಿಲ್ಲ. ಬುಂಡ್‌ನ ದೊಡ್ಡ ತಲೆ ವ್ಲಾದಿಮಿರ್ ಮೆದೆಮ್ ರಷ್ಯನ್ ಆಡುವ ಮನೆಯಲ್ಲಿ ಬೆಳೆದವನು, ಚಿಕ್ಕಂದಿನಲ್ಲಿ ಕ್ರೈಸ್ತ ದೀಕ್ಷೆಯೂ ಆಗಿತ್ತು. ಲಂಡನ್ನಿನಲ್ಲಿ ಅರಾಜಕತಾವಾದಿಗಳ 'ಅರ್ಬೆಟರ್ ಫ್ರೈಂಡ್' ನಡೆಸಿದ ರುಡಾಲ್ಫ್ ರಾಕರ್ ಯೆಹೂದಿಯೇ ಅಲ್ಲ, ಜರ್ಮನ್! ಕಾರ್ಮಿಕರಿಂದಲೇ ಅವರ ನುಡಿ ಕಲಿತು ಸಂಪಾದಕನಾದ.

ತಕರಾರು ಮಂಜ
ಮೇಡಂ, ಚೆನ್ನಾಗಿ ಹೇಳಿದ್ರಿ, ಆದ್ರೆ ಶೀರ್ಷಿಕೆಯೇ ತಪ್ಪು ಗುರು. 'ಎಲ್ಲ' ಎಲ್ಲಿಂದ ಬಂತು? ನ್ಯೂಯಾರ್ಕಿನ ಮೊದಲ ಗಟ್ಟಿ ಯಿಡ್ಡಿಷ್ ದಿನಪತ್ರಿಕೆ 'ತಾಗೆಬ್ಲಾಟ್', 1885ರದು, ಮಡಿವಂತರದು. 'ಮೋರ್ಗನ್ ಜುರ್ನಾಲ್' ಕೂಡ ಅದೇ ಬಣ. 'ದೆರ್ ತೋಗ್' 1914ರದು, ಯಾವ ಪಕ್ಷಕ್ಕೂ ಸೇರಿದ್ದಲ್ಲ, ಓದಿದವರ ಪೇಪರ್ರು. ವಾರ್ಸಾದಲ್ಲಿ 'ಹೈಂಟ್', 'ಮೊಮೆಂಟ್' ಇದ್ದವು, ಅವೂ ಎಡ ಅಲ್ಲ.

ಇನ್ನೊಂದು. ಫೋರ್ವರ್ಟ್ಸ್ 1920ರ ದಶಕದಲ್ಲಿ ಎರಡೂವರೆ ಲಕ್ಷ ಪ್ರತಿ ದಾಟಿತ್ತು ಅಂತಾರೆ. ಅಷ್ಟು ಜನ ಮಾರ್ಕ್ಸ್ ಓದೋಕೆ ಕಾಸು ಕೊಟ್ರಾ? ಅವರು ಕೊಂಡಿದ್ದು 'ಬಿಂಟೆಲ್ ಬ್ರೀಫ್' ಓದೋಕೆ. ಕಾಗದದ ಕಟ್ಟು ಅಂತ ಅರ್ಥ. 1906ರಲ್ಲಿ ಶುರು. ಗಂಡ ಬಿಟ್ಟುಹೋದ, ಮಗ ಮಾತು ಕೇಳಲ್ಲ, ಬೇರೆ ಧರ್ಮದವಳನ್ನ ಪ್ರೀತಿಸಿದ್ದೀನಿ, ನಾಸ್ತಿಕ ಆಗಿದ್ದೀನಿ ಆದ್ರೆ ಅಪ್ಪನ ತಿಥಿಗೆ ಪ್ರಾರ್ಥನೆ ಹೇಳ್ಬೇಕಾ ಬೇಡ್ವಾ... ಇಂಥವು. ಸಂಪಾದಕರು ಉತ್ತರ ಕೊಡ್ತಿದ್ರು. ಜೊತೆಗೆ ಹೆಂಡ್ತಿ ಮಕ್ಕಳನ್ನ ಬಿಟ್ಟು ಓಡಿಹೋದ ಗಂಡಂದಿರ ಫೋಟೊ ಸಾಲಾಗಿ ಹಾಕಿ 'ಮಾಯವಾದ ಗಂಡಂದಿರ ಗ್ಯಾಲರಿ' ಅಂತ ಬೇರೆ. ಕ್ರಾಂತಿ ಪಾಪ ಒಳಪುಟದಲ್ಲಿ.

ಹಡ್ಸನ್ ದಂಡೆಯವಳು
ಮಂಜಣ್ಣ, 'ಎಲ್ಲ' ತಪ್ಪು, ಒಪ್ಪಿದೆ. ಆದರೆ ಕಾಗದದ ಕಟ್ಟು ರಾಜಕೀಯ ಅಲ್ಲ ಅನ್ನುವುದನ್ನು ಒಪ್ಪಲಾರೆ. ಹೊಲಿಗೆ ಕಾರ್ಖಾನೆಯಲ್ಲಿ ಮೇಸ್ತ್ರಿ ಮೈ ಮುಟ್ಟುತ್ತಾನೆ, ಕೆಲಸ ಬಿಟ್ಟರೆ ಮನೆ ನಡೆಯಲ್ಲ ಎಂದು ಹುಡುಗಿಯೊಬ್ಬಳು ಬರೆದರೆ ಅದು ಮನೆವಾರ್ತೆಯೋ ಕಾರ್ಮಿಕ ವಾರ್ತೆಯೋ? ಕಹಾನ್‌ಗೆ ಆ ಗೆರೆ ಅಳಿಸುವುದು ಗೊತ್ತಿತ್ತು. ಮೊದಲು, 'ಅರ್ಬೆಟರ್ ತ್ಸೈಟುಂಗ್' ವಾರಪತ್ರಿಕೆಯಲ್ಲಿ ಆತ ಪುರಾಣಿಕನ ವೇಷ ಹಾಕಿಕೊಂಡು, ಆ ವಾರ ದೇವಾಲಯದಲ್ಲಿ ಓದುವ ಧರ್ಮಗ್ರಂಥದ ಭಾಗವನ್ನೇ ಎತ್ತಿಕೊಂಡು ಮುಷ್ಕರದ ವಿಷಯಕ್ಕೆ ತಿರುಗಿಸುತ್ತಿದ್ದ. ಹರಿಕಥೆ ಕೇಳಿ ಬೆಳೆದವರಿಗೆ ಹರಿಕಥೆಯ ಧಾಟಿಯಲ್ಲೇ. ಪಂಡಿತ ಸಮಾಜವಾದಿಗಳು ಮೂಗು ಮುರಿದರು, ಜನ ಓದಿದರು. 1909ರಲ್ಲಿ ಬೇಸ್‌ಬಾಲ್ ಎಂದರೇನು ಅಂತ ಚಿತ್ರ ಬರೆದು ವಿವರಿಸಿದ ಪುಣ್ಯಾತ್ಮರು ಇವರೇ.

ಅದೇ 1909ರ ನವೆಂಬರ್ 22. ಕೂಪರ್ ಯೂನಿಯನ್ ಸಭಾಂಗಣ. ಬ್ಲೌಸ್ ಹೊಲಿಯುವ ಹೆಣ್ಣುಮಕ್ಕಳು ಕಿಕ್ಕಿರಿದಿದ್ದರು. ಗಂಟೆಗಟ್ಟಲೆ ದೊಡ್ಡ ಮನುಷ್ಯರು ಮುಷ್ಕರ ಬೇಕೋ ಬೇಡವೋ ಎಂದು ತೂಗಿ ಅಳೆದು ಮಾತಾಡಿದರು. 23ರ ಹರೆಯದ ಕ್ಲಾರಾ ಲೆಮ್ಲಿಕ್ ಎದ್ದು ವೇದಿಕೆಗೆ ಹೋಗಿ ಯಿಡ್ಡಿಷಿನಲ್ಲಿ ಎರಡೇ ಮಾತು: ಭಾಷಣ ಸಾಕು, ಸಾರ್ವತ್ರಿಕ ಮುಷ್ಕರ ಹೂಡೋಣ. ಸಭೆ ಬಲಗೈ ಎತ್ತಿ ಆಣೆ ಮಾಡಿತು. ಕೊಟ್ಟ ಮಾತಿಗೆ ತಪ್ಪಿದರೆ ಎತ್ತಿದ ಈ ಕೈ ಒಣಗಿಹೋಗಲಿ ಎಂಬ ಹಳೆಯ ಯೆಹೂದಿ ಆಣೆಯ ಧಾಟಿ ಅದು. ಇಪ್ಪತ್ತು ಸಾವಿರ ಜನ ಬೀದಿಗಿಳಿದರು. ಹದಿನಾರು ತಿಂಗಳ ಮೇಲೆ, 1911ರ ಮಾರ್ಚ್ 25ರಂದು, ಆ ಮುಷ್ಕರಕ್ಕೆ ಬಗ್ಗದಿದ್ದ ಟ್ರಯಾಂಗಲ್ ಎಂಬ ಬ್ಲೌಸ್ ಹೊಲಿಯುವ ಕಾರ್ಖಾನೆಗೆ ಬೆಂಕಿ ಬಿದ್ದು 146 ಜನ ಸತ್ತರು. ಹೊರಗೆ ಹೋಗುವ ಬಾಗಿಲಿಗೆ ಬೀಗ ಜಡಿದಿದ್ದರು. ಆ ವಾರ ಫೋರ್ವರ್ಟ್ಸ್ ಮುಖಪುಟದಲ್ಲಿ ಮೋರಿಸ್ ರೋಸೆನ್‌ಫೆಲ್ಡ್ ಬರೆದ ಶೋಕಪದ್ಯ. ದಿನಪತ್ರಿಕೆಯ ಮುಖಪುಟದಲ್ಲಿ ಕವಿತೆ! ಸತ್ತವರ ಮನೆಯವರಿಗೆ ಅರ್ಥವಾಗುವ ಭಾಷೆಯಲ್ಲಿ.

ಗ್ಯಾಲಿ ಬಸಪ್ಪ
ನಾ ಹುಬ್ಬಳ್ಯಾಗ ಪ್ರೆಸ್ಸಿನ್ಯಾಗ ಇಪ್ಪತ್ತಾರು ವರ್ಷ ಅಚ್ಚಿನ ಮೊಳಿ ಜೋಡಿಸಿದಂವ. ರಾಜಕೀಯ ನೀವು ಮಾತಾಡ್ರಿ, ನಂದೊಂದು ಸಣ್ಣ ಪ್ರಶ್ನಿ. ಈ ಯಿಡ್ಡಿಷ್‌ಗೆ ಲಿಪಿ ಯಾವುದ್ರಿ? ಹೀಬ್ರೂನ ಅಂದ್ರ ಬಲದಿಂದ ಎಡಕ್ಕ ಅಲ್ಲೇನು? ಮೊಳಿ ಇಡೋ ಕೇಸಿನ್ಯಾಗ ಎಷ್ಟು ಖಾನೆ ಬೇಕಾಗ್ತಿದ್ದವು? ನಮಗ ಒತ್ತಕ್ಷರದ ದೆಸೆಯಿಂದ ಕೈ ಸೋತು ಹೋಗ್ತಿತ್ತು.

ಶಾಲ್ಮಲಾ
ಬಸಪ್ಪನವರೇ, ಹೌದು, ಹೀಬ್ರೂ ಲಿಪಿಯೇ, ಬಲದಿಂದ ಎಡಕ್ಕೆ. ಮೂಲ ಅಕ್ಷರ 22. ಐದು ಅಕ್ಷರಗಳಿಗೆ ಪದದ ಕೊನೆಯಲ್ಲಿ ಬಂದರೆ ಬೇರೆ ಆಕಾರ, ಅಂದರೆ ಇನ್ನೈದು ಖಾನೆ. ನಿಮ್ಮ ಕೇಸಿನ ಮುಂದೆ ಅದು ಮಕ್ಕಳಾಟ. ಆದರೆ ಈ ಐದು ಖಾನೆಗಳದ್ದೇ ಒಂದು ರಾಜಕೀಯ ಕತೆ ಇದೆ, ಆಮೇಲೆ ಹೇಳುತ್ತೇನೆ.

ಮೊದಲು ಕವಿಗಳ ವಿಷಯ. ರೋಸೆನ್‌ಫೆಲ್ಡ್ ಹೊಲಿಗೆ ಕಾರ್ಖಾನೆಯಲ್ಲಿ ಇಸ್ತ್ರಿ ಹಾಕುತ್ತಿದ್ದವನು. ಅವನ 'ಮೈನ್ ಯಿಂಗೆಲೆ' ಪದ್ಯದ ಅಪ್ಪ ಮಗನನ್ನು ಕಾಣುವುದೇ ನಿದ್ದೆಯಲ್ಲಿ. ಏಳುವ ಮೊದಲೇ ಕೆಲಸಕ್ಕೆ ಹೋಗಬೇಕು, ಬರುವಷ್ಟರಲ್ಲಿ ಮಗು ಮಲಗಿರುತ್ತದೆ. ಡೇವಿಡ್ ಎಡೆಲ್‌ಶ್ಟಾಟ್ ಗುಂಡಿ ಕಾಜಾ ಮಾಡುತ್ತಿದ್ದ ಅರಾಜಕತಾವಾದಿ. ರಷ್ಯನ್ನಿನಲ್ಲಿ ಬರೆಯುತ್ತಿದ್ದವನು ಕಾರ್ಮಿಕರಿಗಾಗಿ ಯಿಡ್ಡಿಷ್‌ಗೆ ಹೊರಳಿದ, 'ಫ್ರೈಯೆ ಅರ್ಬೆಟರ್ ಶ್ಟಿಮೆ' ಪತ್ರಿಕೆಗೆ ಸಂಪಾದಕನಾದ, 1892ರಲ್ಲಿ ಕ್ಷಯದಿಂದ ಸತ್ತ. ವಯಸ್ಸು 26. ಇವರ ಪದ್ಯಗಳು ಪುಸ್ತಕಕ್ಕಿಂತ ಮೊದಲು ಪತ್ರಿಕೆಯಲ್ಲಿ, ಅಲ್ಲಿಂದ ನೇರ ಹಾಡಾಗಿ ಮೆರವಣಿಗೆಗೆ.

ನನಗೆ ಇಷ್ಟದ ಭಾಗ ಇದರ ನಂತರದ್ದು. 1907ರ ಹೊತ್ತಿಗೆ ನ್ಯೂಯಾರ್ಕಿನಲ್ಲಿ 'ದಿ ಯುಂಗೆ', ಅಂದರೆ ಎಳೆಯರು, ಎಂಬ ಗುಂಪು ಎದ್ದಿತು. ಮನಿ ಲೈಬ್ ಚಪ್ಪಲಿ ಹೊಲಿಯುವವನು. ಜಿಶೆ ಲಾಂಡೌ ಗೋಡೆಗೆ ಬಣ್ಣ ಹೊಡೆಯುವವನು. ಎಚ್. ಲೈವಿಕ್ ಗೋಡೆಗೆ ಕಾಗದ ಅಂಟಿಸುವವನು, ಬುಂಡ್‌ಗೆ ದುಡಿದು ಸೈಬೀರಿಯಾ ಕಂಡು ತಪ್ಪಿಸಿಕೊಂಡು ಬಂದವನು. ನಿಜವಾದ ಕಾರ್ಮಿಕರು. ಇವರೇ ಕಾರ್ಮಿಕ ಪದ್ಯ ಬರೆಯಲ್ಲ ಅಂದರು! ಮಳೆ, ಮೌನ, ಒಂಟಿತನ, ಇವೇ ನಮ್ಮ ವಸ್ತು ಅಂದರು. ಅದುವರೆಗಿನ ಯಿಡ್ಡಿಷ್ ಕಾವ್ಯ ಕಾರ್ಮಿಕ ಚಳವಳಿಯ 'ಪ್ರಾಸ ವಿಭಾಗ' ಆಗಿತ್ತು ಎಂದು ಲಾಂಡೌ ಕುಟುಕಿದ. ಈ ಮಾತು ನೆನಪಾದಾಗೆಲ್ಲ ನನಗೆ ನಗು. ಒಂದು ಕಚೇರಿ, ಒಂದು ಮೇಜು, ಮೇಲೆ ಬೋರ್ಡು: ಪ್ರಾಸ ವಿಭಾಗ, ಊಟದ ಸಮಯ ಒಂದರಿಂದ ಎರಡು.

ಹಳೇಪತ್ರಿಕೆ
ಹಾಗಾದರೆ ಅವರು ಪತ್ರಿಕೆಗಳನ್ನೂ ಬಿಟ್ಟರೇ?

ಶಾಲ್ಮಲಾ
ಬಿಟ್ಟು ಎಲ್ಲಿಗೆ ಹೋಗುತ್ತಾರೆ? ಸಣ್ಣ ಸಣ್ಣ ಸಂಕಲನ ತಾವೇ ಅಚ್ಚು ಹಾಕಿಸಿದರು, ಅನ್ನಕ್ಕೆ ಮತ್ತೆ ಪತ್ರಿಕೆಗೇ ಬಂದರು. ವಿಶ್ವವಿದ್ಯಾಲಯ ಇಲ್ಲ, ಅಕಾಡೆಮಿ ಇಲ್ಲ, ಸರ್ಕಾರ ಇಲ್ಲ. ಪ್ರತಿ ವಾರ ಕಾಸು ಕೊಡುವ ಒಬ್ಬನೇ ಒಬ್ಬ ಧಣಿ ಪತ್ರಿಕೆ. ನಿಮ್ಮ ಸಿಂಗರ್ ಪ್ರಶ್ನೆಗೆ ಉತ್ತರ ಇಲ್ಲೇ ಇದೆ. ಐಸಾಕ್‌ನ ಅಣ್ಣ ಇಸ್ರೇಲ್ ಜೋಶುವಾ ಸಿಂಗರ್ ಮೊದಲೇ ಫೋರ್ವರ್ಟ್ಸ್ ಬಳಗದವನು, ತಮ್ಮನನ್ನು ಕರೆಸಿಕೊಂಡ. ಧಾರಾವಾಹಿ ಓದಲು ಜನ ಪತ್ರಿಕೆ ಕೊಳ್ಳುತ್ತಾರೆ ಎಂಬುದು ಕಹಾನ್‌ಗೆ ಗೊತ್ತಿತ್ತು. ದೆವ್ವವಾದರೂ ಸರಿ, ಓದಿಸಿಕೊಂಡರೆ ಸಾಕು.

ಆದರೆ ಧಣಿಗೆ ಕೋಪ ಬಂದರೆ ಕಷ್ಟ. ಶೋಲೆಮ್ ಆಶ್ ಆ ಕಾಲಕ್ಕೆ ಹೊರಜಗತ್ತಿಗೆ ಹೆಚ್ಚು ಗೊತ್ತಿದ್ದ ಯಿಡ್ಡಿಷ್ ಕಾದಂಬರಿಕಾರ. ಏಸುವಿನ ಮೇಲೆ ಕಾದಂಬರಿ ಬರೆದ. ಕಹಾನ್ ಅದನ್ನು ಅಚ್ಚು ಹಾಕಲು ಒಪ್ಪದಿದ್ದದ್ದಷ್ಟೇ ಅಲ್ಲ, ಆಶ್‌ನ ಮೇಲೆ ವರ್ಷಗಟ್ಟಲೆ ದಾಳಿ ನಡೆಸಿದ. ಧರ್ಮ ಅಫೀಮು ಅಂತಿದ್ದ ಮನೆಯವರೇ ಇವರು.

ತಕರಾರು ಮಂಜ
ಇದನ್ನೇ ನಾನು ಹೇಳೋದು. ಬಾಸ್ ಬೇಡ ಅಂತ ಬರೆಯೋ ಪೇಪರ್ರಿಗೆ ನಲವತ್ತು ವರ್ಷ ಒಬ್ನೇ ಬಾಸ್.

ಸರಿ, ಫೋರ್ವರ್ಟ್ಸ್ ಒಂದು ಕಡೆ ಇರ್ಲಿ. ಕಮ್ಯುನಿಸ್ಟರ 'ಫ್ರೈಹೈಟ್' ಬಗ್ಗೆ ಯಾಕೆ ಯಾರೂ ಬಾಯಿ ಬಿಡ್ತಿಲ್ಲ? 1922ರಲ್ಲಿ ಶುರುವಾಯ್ತು, ಸಂಪಾದಕ ಮೊಯ್ಸೈಯೆ ಓಲ್ಗಿನ್. ಭಾಷೆ, ಸಾಹಿತ್ಯದಲ್ಲಿ ಫೋರ್ವರ್ಟ್ಸ್‌ಗಿಂತ ಒಂದು ಕೈ ಮೇಲೇ ಇತ್ತು ಅಂತ ವಿರೋಧಿಗಳೂ ಒಪ್ತಾರೆ. ಕಹಾನ್ ಪೇಪರಿನಲ್ಲಿ ಶಾಪ್, ಬಾಸ್, ಸ್ಟ್ರೈಕ್ ಅಂತ ಅರ್ಧ ಇಂಗ್ಲಿಷ್, ಇವರದ್ದು ಸ್ವಚ್ಛ ಯಿಡ್ಡಿಷ್. ಲೈವಿಕ್ ಕೂಡ ಅಲ್ಲೇ ಬರೀತಿದ್ದ. 1929ರಲ್ಲಿ ಪ್ಯಾಲೆಸ್ಟೈನ್‌ನಲ್ಲಿ ಗಲಭೆ ಆಗಿ ಹೆಬ್ರಾನ್‌ನಲ್ಲಿ ಯೆಹೂದಿಗಳ ಕೊಲೆ ಆಯ್ತು. ಪೇಪರ್ ಮೊದಲು ಸತ್ತವರಿಗಾಗಿ ಮರುಗಿತು. ಪಕ್ಷ ಗದರಿದ ತಕ್ಷಣ ಉಲ್ಟಾ ಹೊಡೆದು, ಇದು ಸಾಮ್ರಾಜ್ಯಶಾಹಿ ವಿರುದ್ಧದ ದಂಗೆ ಅಂತು. ಲೈವಿಕ್, ಅವ್ರೊಮ್ ರೈಜೆನ್ ಥರದ ದೊಡ್ಡ ದೊಡ್ಡವರು ಎದ್ದು ಹೊರಟೋದ್ರು. ಇದೇ ನಿಮ್ಮ ಎಡಪಂಥದ 'ನಂಟು'.

ಹೊಸಬ_೭೭
ಅಂದ್ರೆ ಯೆಹೂದಿಗಳು ಎಡಪಂಥೀಯರಾಗಿದ್ರೆ ಇವತ್ತಿನ ಇಸ್ರೇಲ್ ಯಾಕೆ ಹಿಂಗೆ? ಅದನ್ನ ಮಾತಾಡಿ ಮೊದಲು.

ನಿರ್ವಾಹಕ
ಇವತ್ತಿನ ಯುದ್ಧದ ಚರ್ಚೆಗೆ ಬೇರೆ ಎಳೆ ಇದೆ. ಇಲ್ಲಿ ಯಿಡ್ಡಿಷ್ ಪತ್ರಿಕೆ, ಸಾಹಿತ್ಯ ಮಾತ್ರ. ದಾಟಿದರೆ ಅಳಿಸುತ್ತೇನೆ.

ಹಡ್ಸನ್ ದಂಡೆಯವಳು
ನಿರ್ವಾಹಕರೇ, ಒಂದೇ ಮಾತು, ವಿಷಯದೊಳಗಿನದ್ದೇ. ಬುಂಡ್ ಮತ್ತು ಜಿಯೋನಿಸ್ಟರು (ಪ್ಯಾಲೆಸ್ಟೈನ್‌ನಲ್ಲಿ ಯೆಹೂದಿ ನಾಡು ಕಟ್ಟಬೇಕೆಂದವರು) ಒಂದೇ ವರ್ಷ, 1897ರಲ್ಲಿ, ಸಂಘಟಿತರಾದವರು, ಒಬ್ಬರಿಗೊಬ್ಬರು ಆಗದವರು. ಜಿಯೋನಿಸ್ಟರಿಗೆ ಹೀಬ್ರೂ, ಪ್ಯಾಲೆಸ್ಟೈನ್. ಬುಂಡ್‌ಗೆ ಯಿಡ್ಡಿಷ್, ಮತ್ತು 'ದೊಯಿಕೈಟ್'. ಕನ್ನಡದಲ್ಲಿ 'ಇಲ್ಲಿತನ' ಅನ್ನಬಹುದೇನೋ. ನಾವಿರುವ ಊರೇ ನಮ್ಮ ಊರು, ಹಕ್ಕು ಇಲ್ಲೇ ಕೇಳುತ್ತೇವೆ, ಓಡುವುದಿಲ್ಲ ಅಂತ. 1908ರಲ್ಲಿ ಈಗಿನ ಉಕ್ರೇನಿನಲ್ಲಿರುವ ಚೆರ್ನೊವಿಟ್ಸ್‌ನಲ್ಲಿ ಯಿಡ್ಡಿಷ್ ಸಮ್ಮೇಳನ ಸೇರಿದಾಗ ಬುಂಡ್‌ನ ಎಸ್ತೆರ್ ಫ್ರುಮ್ಕಿನ್ ಇದೇ 'ರಾಷ್ಟ್ರೀಯ ಭಾಷೆ' ಆಗಬೇಕು ಎಂದು ಪಟ್ಟು ಹಿಡಿದಳು. ಹೀಬ್ರೂ ಕಡೆಯವರು ಒಪ್ಪಲಿಲ್ಲ. ಕೊನೆಗೆ 'ಯೆಹೂದಿಗಳ ಒಂದು ರಾಷ್ಟ್ರೀಯ ಭಾಷೆ' ಎಂಬಲ್ಲಿಗೆ ರಾಜಿ. ಆ 'ಒಂದು' ಅನ್ನುವ ಪದಕ್ಕಾಗಿ ನಡೆದ ಜಗಳ ಅಷ್ಟಿಷ್ಟಲ್ಲ. ಆ ಎಸ್ತೆರ್ ಮುಂದೆ ಸೋವಿಯತ್ ಕಡೆಗೆ ಹೋದಳು, 1943ರಲ್ಲಿ ಸೋವಿಯತ್ ಶಿಬಿರದಲ್ಲೇ ಸತ್ತಳು.

ಶಾಲ್ಮಲಾ
ಬಸಪ್ಪನವರಿಗೆ ಕೊಟ್ಟ ಮಾತು. ಯಿಡ್ಡಿಷಿನಲ್ಲಿ ಹೀಬ್ರೂ ಮೂಲದ ಪದಗಳನ್ನು ಹೀಬ್ರೂ ಕಾಗುಣಿತದಲ್ಲೇ ಬರೆಯುವುದು ವಾಡಿಕೆ, ಉಚ್ಚಾರ ಬೇರೆ ಇದ್ದರೂ. ಸೋವಿಯತ್ ಸರ್ಕಾರ ಯಿಡ್ಡಿಷ್‌ಗೆ ಶಾಲೆ, ರಂಗಭೂಮಿ, ಪತ್ರಿಕೆ ಎಲ್ಲ ಕೊಟ್ಟಿತು. ಅಷ್ಟು ಸರ್ಕಾರಿ ಹಣ ಬೇರೆಲ್ಲೂ ಸಿಗಲಿಲ್ಲ. ಆದರೆ ಹೀಬ್ರೂ ಎಂದರೆ ಪುರೋಹಿತಶಾಹಿ, ಅದರ ವಾಸನೆಯೂ ಬೇಡ. ಹಾಗಾಗಿ ಆ ಪದಗಳನ್ನೆಲ್ಲ ಕಿವಿಗೆ ಕೇಳಿದ ಹಾಗೆ ಬರೆಯಿರಿ ಎಂದು ಕಾಗುಣಿತ ತಿದ್ದಿದರು. ಕೊನೆಯ ಆಕಾರದ ಆ ಐದು ಅಕ್ಷರಗಳನ್ನೂ ಕಿತ್ತು ಹಾಕಿದರು. ಮಾಸ್ಕೋದ ಪಕ್ಷಪತ್ರಿಕೆಯ ಹೆಸರು 'ದೆರ್ ಎಮೆಸ್', ಸತ್ಯ ಅಂತ ಅರ್ಥ. ಹೀಬ್ರೂ ಕಾಗುಣಿತದಲ್ಲಿ ಮೂರಕ್ಷರದ ಪದ, ಸೋವಿಯತ್ ಕಾಗುಣಿತದಲ್ಲಿ ನಾಲ್ಕು. ನ್ಯೂಯಾರ್ಕಿನ ಓದುಗ ಪತ್ರಿಕೆ ಕೈಗೆತ್ತಿಕೊಂಡರೆ ಒಂದು ಸಾಲು ಓದುವ ಮೊದಲೇ ಕಾಗುಣಿತ ನೋಡಿ ಇದು ಯಾರ ಪೇಪರ್ ಅಂತ ಹೇಳಬಹುದಿತ್ತು.

ಗ್ಯಾಲಿ ಬಸಪ್ಪ
ಅಬಬಾ. ಸತ್ಯಕ್ಕ ಒಂದು ಮೊಳಿ ಹೆಚ್ಚಾತು. ಐದು ಖಾನೆ ಖಾಲಿ ಬಿದ್ವು. ಕಂಪೋಜಿಟರಗ ಕೆಲಸ ಹಗುರಾತು ಬಿಡ್ರಿ, ಮತ್ತೇನಾತು ಮುಂದ?

ಶಾಲ್ಮಲಾ
ಮುಂದಿನದನ್ನು ಹೇಳಲು ಮನಸ್ಸು ಬರುವುದಿಲ್ಲ.

1937ರಲ್ಲಿ ಮಿನ್ಸ್ಕ್‌ನಲ್ಲಿ ಕವಿಗಳಾದ ಮೊಯ್ಶೆ ಕುಲ್ಬಾಕ್, ಇಜಿ ಖಾರಿಕ್ ಇಬ್ಬರನ್ನೂ ಗುಂಡಿಕ್ಕಿ ಕೊಂದರು. 1938ರಲ್ಲಿ 'ಎಮೆಸ್' ಮುಚ್ಚಿತು. ಯುದ್ಧ ಬಂದಾಗ ಸ್ಟಾಲಿನ್‌ಗೆ ಮತ್ತೆ ಯಿಡ್ಡಿಷ್ ಬರಹಗಾರರು ಬೇಕಾದರು. ಯೆಹೂದಿ ಫ್ಯಾಸಿಸ್ಟ್ ವಿರೋಧಿ ಸಮಿತಿ ಕಟ್ಟಿ 'ಐನಿಕೈಟ್' ಪತ್ರಿಕೆ ಹೊರಡಿಸಿದರು, ಅಮೆರಿಕದಿಂದ ನಿಧಿ ತರಿಸಿದರು. ಯುದ್ಧ ಮುಗಿಯಿತು, ಬೇಡವಾದರು. 1948ರ ಜನವರಿಯಲ್ಲಿ ಆ ಸಮಿತಿಯ ಅಧ್ಯಕ್ಷ, ರಂಗನಟ ಮಿಖೋಯೆಲ್ಸ್‌ನನ್ನು ಮಿನ್ಸ್ಕ್‌ನಲ್ಲಿ ಕೊಂದು ಲಾರಿ ಅಪಘಾತ ಅಂದರು. ಆ ವರ್ಷವೇ ಪತ್ರಿಕೆ ಬಂದ್. 1952ರ ಆಗಸ್ಟ್ 12ರಂದು ಸಮಿತಿಯ ನಂಟಿದ್ದ ಹದಿಮೂರು ಜನರನ್ನು ಗುಂಡಿಕ್ಕಿ ಕೊಂದರು. ಅವರಲ್ಲಿ ಬರಹಗಾರರಾದ ಪೆರೆತ್ಸ್ ಮಾರ್ಕಿಶ್, ಬೆರ್ಗೆಲ್ಸನ್, ಹೊಫ್‌ಶ್ಟೈನ್, ಮಕ್ಕಳ ಕವಿ ಕ್ವಿಟ್ಕೊ, ಮತ್ತು ಸ್ಟಾಲಿನ್ ಸ್ತುತಿ ಬರೆದಿದ್ದ ಫೆಫೆರ್ ಕೂಡ.

ನ್ಯೂಯಾರ್ಕಿನ ಫ್ರೈಹೈಟ್ ಇದನ್ನೆಲ್ಲ ವರ್ಷಗಟ್ಟಲೆ ವದಂತಿ ಅಂತಲೇ ತಳ್ಳಿಹಾಕಿತು. 1956ರ ಏಪ್ರಿಲ್‌ನಲ್ಲಿ ವಾರ್ಸಾದ 'ಫೋಕ್ಸ್ ಶ್ಟಿಮೆ', ಅದೂ ಕಮ್ಯುನಿಸ್ಟ್ ಪತ್ರಿಕೆಯೇ, ಕೊಲೆಯಾದವರ ಹೆಸರು ಅಚ್ಚು ಹಾಕಿತು. ಆಮೇಲೆ ತಳ್ಳಿಹಾಕಲು ಏನೂ ಉಳಿಯಲಿಲ್ಲ. ಫ್ರೈಹೈಟ್ ಮಾತ್ರ 1988ರವರೆಗೂ ಬಂತು, ಕೊನೆಕೊನೆಗೆ ಅಮೆರಿಕದ ಪಕ್ಷದೊಂದಿಗೂ ಜಗಳವಾಡಿಕೊಂಡು.

ತಕರಾರು ಮಂಜ
ಇದಕ್ಕೆ ನಾನೇನೂ ಹೇಳಲ್ಲ.

ಹಳೇಪತ್ರಿಕೆ
ಶೀರ್ಷಿಕೆಯಲ್ಲಿ 'ಎಲ್ಲ' ತೆಗೆಯೋಣ ಅಂತಿದ್ದೆ, ಈ ವೇದಿಕೆಯಲ್ಲಿ ಪೋಸ್ಟ್ ಹಾಕಿದ ಮೇಲೆ ಶೀರ್ಷಿಕೆ ತಿದ್ದಲು ಬರುವುದಿಲ್ಲವಂತೆ. ಮಂಜಣ್ಣ ಕ್ಷಮಿಸಲಿ.

ಫ್ರೈಹೈಟ್ ಬಿಟ್ಟುಹೋದ ಲೈವಿಕ್‌ಗೆ 1956ರ ಸುದ್ದಿ ಓದಿದಾಗ ಏನನ್ನಿಸಿರಬಹುದು ಅಂತ ನಿನ್ನೆಯಿಂದ ಯೋಚಿಸುತ್ತಿದ್ದೇನೆ. ಈಗ ಯಿಡ್ಡಿಷ್ ಪತ್ರಿಕೆ ಇವೆಯಾ?

ಹಡ್ಸನ್ ದಂಡೆಯವಳು
ಇವೆ, ಆದರೆ ನೀವು ನಿರೀಕ್ಷಿಸುವ ಕಡೆ ಅಲ್ಲ. ಯುದ್ಧಕ್ಕೆ ಮುಂಚೆ ಒಂದು ಕೋಟಿಗೂ ಹೆಚ್ಚು ಜನ ಆಡುತ್ತಿದ್ದ ನುಡಿ. ನಾಜಿಗಳು ಕೊಂದವರಲ್ಲಿ ಬಹುಪಾಲು ಇದನ್ನಾಡುವವರೇ. ಅಮೆರಿಕದಲ್ಲಿ ಮಕ್ಕಳು ಇಂಗ್ಲಿಷ್‌ಗೆ ಹೋದರು. ಅರಾಜಕತಾವಾದಿಗಳ ಫ್ರೈಯೆ ಅರ್ಬೆಟರ್ ಶ್ಟಿಮೆ 1977ರಲ್ಲಿ ನಿಂತಿತು. ಫೋರ್ವರ್ಟ್ಸ್ 2019ರಲ್ಲಿ ಅಚ್ಚು ನಿಲ್ಲಿಸಿ ಅಂತರ್ಜಾಲಕ್ಕೆ ಸೀಮಿತವಾಯಿತು. ಇವತ್ತು ಮನೆಯಲ್ಲಿ, ಬೀದಿಯಲ್ಲಿ, ಮಕ್ಕಳ ಬಾಯಲ್ಲಿ ಯಿಡ್ಡಿಷ್ ಕೇಳಬೇಕೆಂದರೆ ಬ್ರೂಕ್ಲಿನ್ನಿನ ಹಸಿದಿ ಬಡಾವಣೆಗಳಿಗೆ ಹೋಗಬೇಕು. ಕಡು ಧಾರ್ಮಿಕರು. ಅಲ್ಲಿ ಗೂಡಂಗಡಿಯಲ್ಲಿ ದಪ್ಪ ದಪ್ಪ ಯಿಡ್ಡಿಷ್ ವಾರಪತ್ರಿಕೆ ಮಾರುತ್ತಾರೆ. ಉಪವಾಸದ ಯೋಮ್ ಕಿಪ್ಪುರ್ ದಿನವೇ ಬೇಕೆಂದು ಔತಣ, ಕುಣಿತ ಇಟ್ಟುಕೊಳ್ಳುತ್ತಿದ್ದ ಹಳೆಯ ಅರಾಜಕತಾವಾದಿಗಳು ಇದನ್ನು ಕಂಡಿದ್ದರೆ ಏನನ್ನುತ್ತಿದ್ದರೋ.

ಓದುವ ಆಸೆ ಇದ್ದರೆ ಹಳೆಯ ಫೋರ್ವರ್ಟ್ಸ್ ಪುಟಗಳು ಇಸ್ರೇಲಿನ ರಾಷ್ಟ್ರೀಯ ಗ್ರಂಥಾಲಯದ ಜಾಲತಾಣದಲ್ಲಿ ಪುಕ್ಕಟೆ ಸಿಗುತ್ತವೆ. ಪುಸ್ತಕಗಳಿಗೆ ಮ್ಯಾಸಚೂಸೆಟ್ಸ್‌ನ ಆಮ್ಹರ್ಸ್ಟ್‌ನಲ್ಲಿರುವ ಯಿಡ್ಡಿಷ್ ಬುಕ್ ಸೆಂಟರ್. ಕಸಕ್ಕೆ ಹೋಗುತ್ತಿದ್ದ ಪುಸ್ತಕಗಳನ್ನು ಮನೆಮನೆಯಿಂದ ವ್ಯಾನಿನಲ್ಲಿ ತುಂಬಿ ತಂದು 1980ರಿಂದ ಕಟ್ಟಿದ ಜಾಗ ಅದು.

ಗ್ಯಾಲಿ ಬಸಪ್ಪ
ತಂಗೀ, ಮತ್ತ ಆ ಕಟ್ಟಡದ ಕಡೆ ಹೋದ್ರ ಒಂದು ಫೋಟೊ ತಗದು ಹಾಕವ್ವಾ. ಮಾರ್ಕ್ಸಂದು ಬ್ಯಾಡ. ಮ್ಯಾಲೆ ಪೇಪರಿನ ಹೆಸರು ಅವರ ಲಿಪಿಯೊಳಗ ಬರದದ್ದು ಐತೇನು ನೋಡು, ಅದರದು. ಅಕ್ಷರದ ಮೈಕಟ್ಟು ಹೆಂಗೈತಿ ನೋಡಬೇಕು.

ಹಡ್ಸನ್ ದಂಡೆಯವಳು
ಇದೆ ಬಸಪ್ಪಣ್ಣ, ಕಟ್ಟಡದ ನೆತ್ತಿಯ ಮೇಲೇ ದೊಡ್ಡದಾಗಿ ಬರೆದಿದೆ. ಶನಿವಾರ ಹೋಗುತ್ತೇನೆ, ಬೆಳಿಗ್ಗೆ ಬಿಸಿಲು ಬಿದ್ದಾಗ ತೆಗೆದು ಹಾಕುತ್ತೇನೆ.